ಚೆಂಡೆ, ಗಾನಮೇಳಗಳನ್ನು ಹತ್ತಿರದಿಂದ ಕೇಳುವವರು ಕಿವಿಗೆ ಯಾವ ರಕ್ಷಣೆ ಆರಿಸಿಕೊಳ್ಳಬೇಕು?

ಪ್ರಶ್ನೆ: ಬದಿಯಡ್ಕದ ಕೇಳುಗ

ಎಲ್ಲರಿಗೂ ನಮಸ್ಕಾರ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ದಿನ ಹತ್ತಿರ ಬಂದಿದೆ. ಇನ್ನು ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ನಮ್ಮ ಕಾಸರಗೋಡಿನ ಕಡೆ ಬಯಲಾಟ, ಜಾತ್ರೆ, ಗಾನಮೇಳಗಳಿಗೆ ಬಿಡುವಿರುವುದಿಲ್ಲ. ಅದಕ್ಕೆ ಮೊದಲೇ ಒಂದು ವಿಷಯವನ್ನು ಬಲ್ಲವರಿಂದ ತಿಳಿದುಕೊಳ್ಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ನಾನು ಯಕ್ಷಗಾನದ ಆಟಕ್ಕೆ ಹೋಗುವುದೇ ಮುಖ್ಯವಾಗಿ ಹಿಮ್ಮೇಳವನ್ನು, ಅಂದರೆ ಹಾಡು, ಚೆಂಡೆ, ಮದ್ದಳೆಗಳನ್ನು ಕೇಳಲು. ಚೆಂಡೆಯವರ ಕೈ ಕಾಣುವಂತೆ ರಂಗಸ್ಥಳದ ಬದಿಯಲ್ಲಿ, ಮೊದಲ ಎರಡು ಸಾಲಿನೊಳಗೆ ಕುಳಿತುಕೊಳ್ಳುವುದು ರೂಢಿ. ಕಳೆದ ತಿರುಗಾಟದ ಕೊನೆಯ ತಿಂಗಳುಗಳಿಂದ, ಆಟ ಮುಗಿಸಿ ಮನೆಗೆ ಬಂದ ಮೇಲೆ ಕಿವಿಯೊಳಗೆ ಸಣ್ಣಗೆ ಸೀಟಿ ಹೊಡೆದಂಥ ಸದ್ದು ಉಳಿಯುತ್ತಿದೆ. ಮನೆಯವರು ಅಡುಗೆಮನೆಯಿಂದ ಕರೆದರೆ ಎಲ್ಲೋ ದೂರದಿಂದ ಕರೆದ ಹಾಗಾಗುತ್ತದೆ. ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲವೂ ಸರಿಹೋಗುತ್ತದೆ. ಊರ ಜಾತ್ರೆಯ ಗಾನಮೇಳದಲ್ಲಿ ದೊಡ್ಡ ಸ್ಪೀಕರ್ ಬಾಕ್ಸ್‌ಗಳ ಎದುರು ನಿಂತ ದಿನವೂ ಇದೇ ಅನುಭವವಾಯಿತು.

ಮೆಡಿಕಲ್ ಅಂಗಡಿಯಿಂದ ಹಳದಿ ಬಣ್ಣದ ಸ್ಪಂಜಿನ ಇಯರ್‌ಪ್ಲಗ್ ತಂದು ಹಾಕಿಕೊಂಡು ನೋಡಿದೆ. ಸದ್ದೇನೋ ತಗ್ಗಿತು. ಆದರೆ ಹಾಡುವ ಭಾಗವತರ ಪದ್ಯದ ಸಾಹಿತ್ಯವೂ ಮಸುಕಾಯಿತು, ಚಕ್ರತಾಳದ ನಾದವಂತೂ ಇಲ್ಲವೇ ಇಲ್ಲವೆನ್ನುವಂತಾಯಿತು. ವೇಷಧಾರಿಗಳ ಅರ್ಥಗಾರಿಕೆಯ ಮಾತಿನಲ್ಲಿ ಪದಗಳ ತುದಿಗಳು ಕೇಳಿಸದಿದ್ದರೆ ಆಟಕ್ಕೆ ಹೋಗುವುದರಲ್ಲಿ ಏನು ಪ್ರಯೋಜನ? ಸಂಗೀತಕ್ಕೆಂದೇ ಬೇರೆ ಇಯರ್‌ಪ್ಲಗ್‌ಗಳು ಸಿಗುತ್ತವೆ ಎಂದು ಕೇಳಿದ್ದೇನೆ. ಅವುಗಳಿಗೂ ಅಗ್ಗದ ಸ್ಪಂಜಿಗೂ ನಿಜವಾದ ವ್ಯತ್ಯಾಸವೇನು, ಪೆಟ್ಟಿಗೆಯ ಮೇಲೆ ಬರೆದಿರುವ ಡೆಸಿಬಲ್ (ಸದ್ದಿನ ಅಳತೆ) ಸಂಖ್ಯೆಯಲ್ಲಿ ಎಷ್ಟಿದ್ದರೆ ಸಾಕು, ನಮ್ಮಂಥವರು ಯಾವುದನ್ನು ಆರಿಸಿಕೊಳ್ಳಬೇಕು ಎಂಬುದನ್ನು ದಯವಿಟ್ಟು ತಿಳಿಸಿ. ಒಂಬತ್ತನೇ ತರಗತಿಯಲ್ಲಿರುವ ಮಗಳೂ ಈ ವರ್ಷ ಚೆಂಡೆ ತರಗತಿಗೆ ಸೇರಿದ್ದಾಳೆ. ಆದ್ದರಿಂದ ಈ ಪ್ರಶ್ನೆ ನನ್ನೊಬ್ಬನದಲ್ಲ.

ಉತ್ತರ: ಪೆರ್ಲ ಮೂಲದ ಶ್ರವಣತಜ್ಞೆ, ಮಂಗಳೂರು

ನಮಸ್ಕಾರ ಅಣ್ಣ. ನೀವು ಲಕ್ಷಣಗಳನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಯಿತು. ಆಟದ ನಂತರದ ಆ ಸೀಟಿಯ ಸದ್ದು ಮತ್ತು ಮಂದ ಕೇಳುವಿಕೆ, ಸದ್ದನ್ನು ಗ್ರಹಿಸುವ ಒಳಗಿವಿಯ ರೋಮಕೋಶಗಳು ತಮ್ಮ ಶಕ್ತಿಗೆ ಮೀರಿ ದುಡಿದುದರ ಗುರುತು. ಮರುದಿನ ಸರಿಹೋಗುವುದರಿಂದ ಇದನ್ನು ತಾತ್ಕಾಲಿಕ ಶ್ರವಣದೋಷ ಎನ್ನುತ್ತೇವೆ. ಆದರೆ ಪ್ರತಿ ಸಲವೂ ಪೂರ್ತಿ ಸರಿಹೋಗಿದೆ ಎಂದು ಹೇಳಲಾಗದು. 2009ರಲ್ಲಿ ಕುಜಾವಾ ಮತ್ತು ಲಿಬರ್‌ಮನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಸದ್ದಿನಿಂದ ಕುಗ್ಗಿದ ಶ್ರವಣಶಕ್ತಿ ಪರೀಕ್ಷೆಯಲ್ಲಿ ಮೊದಲಿನಂತೆಯೇ ಮರಳಿ ಬಂದಿದ್ದರೂ, ರೋಮಕೋಶಗಳನ್ನು ಶ್ರವಣನರಕ್ಕೆ ಜೋಡಿಸುವ ಸಂಪರ್ಕಗಳಲ್ಲಿ ದೊಡ್ಡ ಪಾಲು ಶಾಶ್ವತವಾಗಿ ನಷ್ಟವಾಗಿತ್ತು. ಮನುಷ್ಯರಲ್ಲಿ ಸತ್ತ ರೋಮಕೋಶಗಳು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ನೀವು ಈಗಲೇ ಎಚ್ಚರಗೊಂಡದ್ದು ಬಹಳ ಒಳ್ಳೆಯದಾಯಿತು.

ಎಷ್ಟು ಸದ್ದು, ಎಷ್ಟು ಹೊತ್ತು ಎಂಬ ಲೆಕ್ಕವನ್ನು ಮೊದಲು ತಿಳಿದುಕೊಂಡರೆ ಯಾವ ಪ್ಲಗ್ ಬೇಕೆಂಬುದು ತಾನಾಗಿ ಹೊರಬರುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯೋಶ್ ಶಿಫಾರಸು ಮಾಡುವ ಮಿತಿ, 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ. ಸದ್ದು 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧಕ್ಕೆ ಇಳಿಯುತ್ತದೆ. 88ರಲ್ಲಿ 4 ಗಂಟೆ, 94ರಲ್ಲಿ 1 ಗಂಟೆ, 100ರಲ್ಲಿ ಕೇವಲ 15 ನಿಮಿಷ. ಈಗ ನಾಲ್ಕು ಗಂಟೆಯ ಕಾಲಮಿತಿ ಆಟವನ್ನು ತೆಗೆದುಕೊಳ್ಳಿ. ನೀವು ಕುಳಿತಿರುವ ಜಾಗದಲ್ಲಿ ಸರಾಸರಿ ಸದ್ದು 100 ಡೆಸಿಬಲ್ ಇದೆ ಎಂದಿಟ್ಟುಕೊಂಡರೆ, ಕಿವಿಗೆ ತಲುಪುವ ಸದ್ದನ್ನು 88ಕ್ಕೆ ಇಳಿಸಬೇಕು. ಅಂದರೆ ನಿಮಗೆ ಬೇಕಾಗಿರುವುದು ನಿಜವಾದ 12 ಡೆಸಿಬಲ್‌ಗಳ ಇಳಿಕೆಯೇ ಹೊರತು 30 ಅಲ್ಲ. ಪೆಟ್ಟಿಗೆಯ ಮೇಲೆ ದೊಡ್ಡ ಸಂಖ್ಯೆ ಇರುವುದೇ ಒಳ್ಳೆಯದೆಂದು ತಿಳಿದು ಖರೀದಿಸಿದವರು, ಪದ್ಯ ಕೇಳಿಸದೆ ಅರ್ಧದಲ್ಲಿ ತೆಗೆದುಬಿಡುತ್ತಾರೆ. ಆಟದ ಅರ್ಧ ಹೊತ್ತು ತೆಗೆದಿಟ್ಟರೆ, ಎಂಥ ಉತ್ತಮ ಪ್ಲಗ್ ಆದರೂ ಒಟ್ಟಾರೆ ಸಿಗುವ ರಕ್ಷಣೆ ಸುಮಾರು 3 ಡೆಸಿಬಲ್ ಮಾತ್ರ. ಆಟಿ ತಿಂಗಳ ಮಳೆಯಲ್ಲಿ ಅರ್ಧ ದಾರಿಗೆ ಕೊಡೆ ಮಡಚಿದವರು ಮನೆ ಮುಟ್ಟುವಾಗ ಒದ್ದೆಯಾಗಿಯೇ ಇರುತ್ತಾರಲ್ಲ, ಇದೂ ಹಾಗೆಯೇ. ಆದ್ದರಿಂದ ಆರಂಭದಿಂದ ಮಂಗಳದವರೆಗೆ ತೆಗೆಯಬೇಕೆನಿಸದ ಪ್ಲಗ್ ಯಾವುದೋ ಅದೇ ನಿಮಗೆ ಸರಿಯಾದುದು.

ಇನ್ನು ಸ್ಪಂಜಿನ ಪ್ಲಗ್‌ನಲ್ಲಿ ಸಾಹಿತ್ಯ ಮಸುಕಾಗುವುದೇಕೆ ಎಂಬ ಪ್ರಶ್ನೆ. ಇದು ಸ್ವಲ್ಪ ವಿವರವಾಗಿ ಹೇಳಬೇಕಾದ ಸಂಗತಿ. ತೆರೆದ ಕಿವಿಯ ನಾಳವು 2,700 ಹರ್ಟ್ಸ್ (ಸ್ವರ ಎಷ್ಟು ಮೇಲಿನದೆಂಬುದರ ಅಳತೆ) ಆಸುಪಾಸಿನ ಸದ್ದನ್ನು ಅನುರಣನದಿಂದ, ಅಂದರೆ ಒಳಗೇ ಮೊಳಗಿಸಿ, ತಾನಾಗಿಯೇ 15 ಡೆಸಿಬಲ್‌ಗಳಷ್ಟು ಹೆಚ್ಚಿಸಿ ಒಳಗೆ ಕಳಿಸುತ್ತದೆ. ಮಾತಿನ ಸ್ಪಷ್ಟತೆಗೆ ಅಗತ್ಯವಾದ ಸದ್ದುಗಳು ಇರುವುದು ಈ ಭಾಗದಲ್ಲಿ ಮತ್ತು ಇದಕ್ಕಿಂತ ಮೇಲೆ. ನಾಳವನ್ನು ಸ್ಪಂಜಿನಿಂದ ತುಂಬಿದ ಕೂಡಲೇ ಈ ಸಹಜವಾದ ಏರಿಕೆ ಇಲ್ಲವಾಗುತ್ತದೆ. ಅದರ ಜೊತೆಗೆ ಸ್ಪಂಜು ಮೇಲಿನ ಸ್ವರಗಳನ್ನೇ ಹೆಚ್ಚು ತಡೆಯುತ್ತದೆ. ಫಲವಾಗಿ ಮದ್ದಳೆಯ ಗುಂಕಾರ ಉಳಿಯುತ್ತದೆ, ಚಕ್ರತಾಳವೂ ಸ, ಶ, ಚ, ತ ಅಕ್ಷರಗಳೂ ಹೋಗುತ್ತವೆ.

ಸಂಗೀತಕ್ಕೆಂದು ಮಾಡಿದ ಪ್ಲಗ್‌ಗಳು ಈ ಕೊರತೆಯನ್ನು ತುಂಬಲೆಂದೇ ಬಂದವು. ಅಮೆರಿಕದ ಎಟಿಮೋಟಿಕ್ ರಿಸರ್ಚ್ ಸಂಸ್ಥೆ 1980ರ ದಶಕದ ಕೊನೆಯಲ್ಲಿ ಇಆರ್-15 ಎಂಬ ಫಿಲ್ಟರನ್ನು ತಂದಿತು. ಅದರೊಳಗಿನ ತೆಳುವಾದ ಪೊರೆ ಮತ್ತು ಕಿವಿಯ ಅಳತೆಗೆ ಮಾಡಿದ ಅಚ್ಚಿನಲ್ಲಿ ಕೊರೆದ ನಾಳ ಸೇರಿ, ಮುಚ್ಚಿದ ಕಿವಿಯಲ್ಲಿ ಕಳೆದುಹೋದ ಆ ಅನುರಣನವನ್ನು ಮತ್ತೆ ಉಂಟುಮಾಡುತ್ತವೆ. ಆಗ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಸುಮಾರು 15 ಡೆಸಿಬಲ್, ತಗ್ಗುತ್ತವೆ. ಇದೇ ಬಗೆಯಲ್ಲಿ 9 ಮತ್ತು 25 ಡೆಸಿಬಲ್‌ಗಳ ಫಿಲ್ಟರ್‌ಗಳೂ ಇವೆ. ಇವನ್ನು ಹಾಕಲು ನಿಮ್ಮ ಕಿವಿಯ ಅಚ್ಚು ತೆಗೆದು ಸಿಲಿಕೋನ್‌ನಲ್ಲಿ ಪ್ಲಗ್ ಮಾಡಿಸಬೇಕು. ಖರ್ಚು ಸಾವಿರಗಳ ಲೆಕ್ಕದಲ್ಲಿ ಆಗುತ್ತದೆ, ಆದರೆ ವರ್ಷಗಟ್ಟಲೆ ಬರುತ್ತದೆ. ಅಚ್ಚು ತೆಗೆಯುವ ಕೆಲಸವನ್ನು ಶ್ರವಣಸಾಧನ ಕೊಡುವ ಚಿಕಿತ್ಸಾಲಯಗಳು ಮಾಡುತ್ತವೆ; ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯಚ್ಚು ತಯಾರಿಸುವ ವಿಭಾಗವೇ ಇದೆ.

ಅಷ್ಟು ಖರ್ಚು ಬೇಡವೆಂದರೆ, ಮೂರು ಸುತ್ತಿನ ಮೆತ್ತನೆಯ ಅಂಚುಗಳಿರುವ ಸಿದ್ಧ ಫಿಲ್ಟರ್ ಪ್ಲಗ್‌ಗಳು ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತವೆ. ಅವು ಅಚ್ಚು ತೆಗೆದು ಮಾಡಿದವುಗಳಷ್ಟು ಸಮವಾಗಿಲ್ಲದಿದ್ದರೂ ಸ್ಪಂಜಿಗಿಂತ ಎಷ್ಟೋ ಸ್ಪಷ್ಟ. ಪ್ರೇಕ್ಷಕರಾದ ನಿಮಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಪೆಟ್ಟಿಗೆಯ ಸಂಖ್ಯೆಗಳ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಪ್ಲಗ್ ಎಷ್ಟು ಸದ್ದು ತಗ್ಗಿಸುತ್ತದೆಂದು ಹೇಳುವ ಅಮೆರಿಕದ ಪದ್ಧತಿಯ ಎನ್‌ಆರ್‌ಆರ್ ಮತ್ತು ಯುರೋಪಿನ ಎಸ್‌ಎನ್‌ಆರ್ ಎರಡೂ ಡೆಸಿಬಲ್‌ನಲ್ಲೇ ಇದ್ದರೂ ಲೆಕ್ಕದ ಕ್ರಮ ಬೇರೆ. ಒಂದೇ ಪ್ಲಗ್‌ಗೆ ಎಸ್‌ಎನ್‌ಆರ್ ಸಾಮಾನ್ಯವಾಗಿ ಕೆಲವು ಅಂಕ ಹೆಚ್ಚಾಗಿಯೇ ಕಾಣುತ್ತದೆ. ಒಂದು ಪೆಟ್ಟಿಗೆಯ ಎನ್‌ಆರ್‌ಆರ್ ಅನ್ನು ಇನ್ನೊಂದರ ಎಸ್‌ಎನ್‌ಆರ್ ಜೊತೆ ಹೋಲಿಸಿ ಖರೀದಿಸಬಾರದು. ಇವೆರಡೂ ಪ್ರಯೋಗಾಲಯದ ಸಂಖ್ಯೆಗಳು ಎಂಬುದನ್ನೂ ನೆನಪಿಡಬೇಕು. ಕಾರ್ಖಾನೆಗಳಲ್ಲಿ ಎನ್‌ಆರ್‌ಆರ್‌ನಿಂದ 7 ಕಳೆದು, ಉಳಿದುದನ್ನು ಅರ್ಧ ಮಾಡಿ ಲೆಕ್ಕ ಹಾಕುವ ರೂಢಿಯಿದೆ. ಅದರಂತೆ 29 ಎಂದು ಬರೆದಿರುವ ಸ್ಪಂಜಿನಿಂದ ನಂಬಬಹುದಾದದ್ದು 11 ಮಾತ್ರ. ಸರಿಯಾಗಿ ಹಾಕುವವರಿಗೆ ಇದಕ್ಕಿಂತ ಬಹಳ ಹೆಚ್ಚು ಸಿಗುತ್ತದೆ, ಹೊರಗೆ ತುದಿಯಲ್ಲಿ ಸಿಕ್ಕಿಸಿಕೊಂಡವರಿಗೆ ಅಷ್ಟೂ ಸಿಗುವುದಿಲ್ಲ.

ಹಾಕುವ ಕ್ರಮ ಹೀಗೆ. ಕೈ ತೊಳೆದು, ಸ್ಪಂಜನ್ನು ಬೆರಳುಗಳ ನಡುವೆ ಸುಕ್ಕಿಲ್ಲದಂತೆ ಬತ್ತಿಯ ಹಾಗೆ ತೆಳುವಾಗಿ ಹೊಸೆಯಿರಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿನಿಂದ ತಂದು, ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ, ನಾಳ ನೇರವಾಗುತ್ತದೆ. ಒಳಗೆ ಸರಿಸಿ, ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ಆಮೇಲೆ ಸದ್ದಿರುವ ಜಾಗದಲ್ಲಿ ಎರಡೂ ಅಂಗೈಗಳಿಂದ ಕಿವಿ ಮುಚ್ಚಿ, ಬಿಟ್ಟು ನೋಡಿ. ಹೆಚ್ಚು ವ್ಯತ್ಯಾಸ ಕೇಳಿಸದಿದ್ದರೆ ಪ್ಲಗ್ ಸರಿಯಾಗಿ ಕುಳಿತಿದೆ ಎಂದರ್ಥ. ಫಿಲ್ಟರ್ ಪ್ಲಗ್‌ಗೆ ಹೊಸೆಯುವ ಕೆಲಸವಿಲ್ಲ, ಕಿವಿ ಎಳೆದು ಹಿಡಿಯುವುದು ಮಾತ್ರ ಅದಕ್ಕೂ ಬೇಕು.

ಹತ್ತಿಯಿಂದ ಪ್ರಯೋಜನವಿಲ್ಲ, ಕೆಲವೇ ಡೆಸಿಬಲ್ ಇಳಿಯುತ್ತದೆ, ರಕ್ಷಣೆ ಇದೆಯೆಂಬ ಸುಳ್ಳು ಧೈರ್ಯ ಮಾತ್ರ ಬರುತ್ತದೆ. ಈಜಾಡುವವರ ಪ್ಲಗ್ ನೀರಿಗೆ ಮಾಡಿದ್ದು. ಸದ್ದು ತಗ್ಗಿಸುವ ಹೆಡ್‌ಫೋನ್‌ಗಳು ವಿಮಾನದ ಗುಂಯ್‌ಗುಡುವಿಕೆಯಂಥ ಒಂದೇ ಸಮನೆಯ ಸದ್ದಿಗೆ ಸರಿ. ಚೆಂಡೆಯ ಹೊಡೆತಕ್ಕೆ ಅವನ್ನು ನಂಬಬೇಡಿ.

ಉತ್ತರ: ಕುಂಬಳೆ ಸೀಮೆಯ ಚೆಂಡೆವಾದಕ

ಡಾಕ್ಟ್ರಕ್ಕ ಹೇಳಿದ್ದನ್ನು ಪೂರ್ಣವಾಗಿ ಒಪ್ಪಿಕೊಂಡು, ನುಡಿಸುವವನ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಪ್ರೇಕ್ಷಕರು ಒಂದೆರಡು ಸಾಲು ಹಿಂದೆ ಸರಿಯಬಹುದು, ನಾವು ಸರಿಯುವಂತಿಲ್ಲ. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನಲ್ಲಿ ಚೆಂಡೆಯನ್ನು ಹೆಗಲಿಗೆ ತೂಗುಹಾಕಿ ನಿಂತು ನುಡಿಸುತ್ತೇವೆ. ಮೇಲ್ಮೈಗೆ ಕೋಲು ಬೀಳುವ ಜಾಗಕ್ಕೂ ನಮ್ಮ ಕಿವಿಗೂ ಮೂರಡಿಯ ಅಂತರವೂ ಇರುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಾದ ನಮಗೆ ಈ ಸದ್ದು ತೊಟ್ಟಿಲಿನಿಂದಲೇ ಪರಿಚಿತ. ಅದಕ್ಕೇ ಇರಬೇಕು, ಕಿವಿ ಮಂದವಾದ ಹಿರಿಯ ಕಲಾವಿದರನ್ನು ಕಂಡಾಗ ಅದು ವಯಸ್ಸಿನ ದೋಷವೆಂದು ಎಲ್ಲರೂ ಸುಮ್ಮನಾಗುತ್ತಾರೆ. ವಯಸ್ಸಿನ ಪಾಲೂ ಅದರಲ್ಲಿದೆ, ಕಸುಬಿನ ಪಾಲೂ ಇದೆ ಎಂಬುದನ್ನು ಕಲಾವಿದರ ಸಂಘಟನೆಗಳು ಬಾಯಿಬಿಟ್ಟು ಹೇಳಬೇಕು.

ಚೆಂಡೆಯವರಿಗೆ ಇಯರ್‌ಪ್ಲಗ್ ಬೇಡವೆನ್ನಿಸುವುದಕ್ಕೆ ನಿಜವಾದ ಕಾರಣವಿದೆ. ನಮ್ಮ ಕಣ್ಣು ವೇಷದ ಕಾಲಿನ ಮೇಲಿದ್ದರೆ, ಕಿವಿ ಭಾಗವತರ ಬಾಯಿ ಮತ್ತು ತಾಳದ ಮೇಲಿರುತ್ತದೆ. ಪದ್ಯ ಎಲ್ಲಿ ಎತ್ತಿಕೊಳ್ಳುತ್ತಾರೆ, ಎಲ್ಲಿ ಕಾಲ ಏರಿಸುತ್ತಾರೆ, ಎಲ್ಲಿ ಮುಕ್ತಾಯಕ್ಕೆ ಬರುತ್ತಾರೆ ಎಂಬುದು ಕ್ಷಣಮಾತ್ರದಲ್ಲಿ ತಿಳಿಯಬೇಕು. ಸ್ಪಂಜಿನ ಪ್ಲಗ್ ಹಾಕಿದಾಗ ನನಗೆ ತಾಳದ ತುದಿ ಕೇಳಿಸುತ್ತಿರಲಿಲ್ಲ, ಅದು ಕೇಳಿಸದಿದ್ದರೆ ಕೈ ತಾನಾಗಿ ಇನ್ನಷ್ಟು ಜೋರಾಗಿ ಬೀಳುತ್ತದೆ. ಅಚ್ಚು ತೆಗೆದು ಮಾಡಿದ ಫಿಲ್ಟರ್ ಪ್ಲಗ್‌ಗೆ ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗಿದೆ. ಮೊದಲ ಕೆಲವು ಆಟಗಳಲ್ಲಿ ಎಲ್ಲವೂ ದೂರ ಸರಿದ ಹಾಗೆ ಅನ್ನಿಸುತ್ತದೆ. ಕ್ರಮೇಣ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಮನೆಯ ಸಾಧನೆಯಲ್ಲಿ ಹಾಕಿ ಅಭ್ಯಾಸ ಮಾಡಿಕೊಂಡು ಆಮೇಲೆ ರಂಗಸ್ಥಳಕ್ಕೆ ಹೋಗುವುದು ಒಳ್ಳೆಯದು. ಒಂದು ಕಿವಿಗೆ ಮಾತ್ರ ಹಾಕಿಕೊಳ್ಳುವವರನ್ನು ನೋಡಿದ್ದೇನೆ, ಅದನ್ನು ನಾನು ಒಪ್ಪುವುದಿಲ್ಲ. ಎರಡು ಕಿವಿಗೂ ಒಂದೇ ಪ್ರಮಾಣದಲ್ಲಿ ತಗ್ಗಿದರೆ ಮಾತ್ರ ಯಾವ ಸದ್ದು ಎಲ್ಲಿಂದ ಬಂತೆಂಬ ಅಂದಾಜು ಉಳಿಯುತ್ತದೆ.

ಭಾಗವತರ ಸಮಸ್ಯೆ ಬೇರೆ. ಕಿವಿ ಮುಚ್ಚಿದಾಗ ಹಾಡುವವರ ಸ್ವಂತ ಧ್ವನಿ ತಲೆಯೊಳಗೇ ಗುಂಯ್ಯೆಂದು ಮೊಳಗುತ್ತದೆ, ಶ್ರುತಿ ಹಿಡಿಯುವುದು ಕಷ್ಟವಾಗುತ್ತದೆ. ಅವರಿಗೆ ಕಡಿಮೆ ಡೆಸಿಬಲ್‌ನ ಫಿಲ್ಟರ್ ಇರುವ, ನಾಳದಲ್ಲಿ ಆಳಕ್ಕೆ ಕುಳಿತುಕೊಳ್ಳುವಂತೆ ಮಾಡಿದ ಅಚ್ಚೇ ಬೇಕು. ಪ್ಲಗ್ ಮೇಲ್ಗಡೆಯೇ ನಿಂತಷ್ಟೂ ಈ ಗುಂಗು ಹೆಚ್ಚು.

ಮಗಳ ತರಗತಿಯ ಬಗ್ಗೆ ಹೇಳುವುದಾದರೆ, ತರಗತಿ ನಡೆಯುವ ಜಾಗವನ್ನು ಒಮ್ಮೆ ನೋಡಿ ಬನ್ನಿ. ತಗ್ಗಾದ ಕಾಂಕ್ರೀಟ್ ಮಾಡಿನ ಕೆಳಗೆ, ನಾಲ್ಕೂ ಗೋಡೆಗಳ ನಡುವೆ ಹತ್ತು ಮಕ್ಕಳು ಒಟ್ಟಿಗೆ ಬಾರಿಸಿದರೆ, ಸದ್ದು ಹೊರಹೋಗಲು ದಾರಿಯಿಲ್ಲದೆ ಮತ್ತೆ ಮತ್ತೆ ಕಿವಿಗೇ ಬಂದು ಬೀಳುತ್ತದೆ. ಅದು ಬಯಲಾಟಕ್ಕಿಂತ ಕಠಿಣ. ಅಂಗಳದ ಚಪ್ಪರದಡಿಯಲ್ಲಿ ನಡೆಸಲು ಗುರುಗಳಲ್ಲಿ ವಿನಯದಿಂದ ಕೇಳಿಕೊಳ್ಳಬಹುದು. ಕೇರಳದ ಚೆಂಡೆ ಕಲಿಕೆಯಲ್ಲಿ ಆರಂಭದ ಪಾಠಗಳನ್ನು ಹುಣಸೆ ಮರದ ಗಟ್ಟಿ ಕೋಲಿನಿಂದ ಕಲ್ಲಿನ ಮೇಲೋ ಮರದ ಹಲಗೆಯ ಮೇಲೋ ಸಾಧನೆ ಮಾಡಿಸುತ್ತಾರೆ. ಕೈಗೆ ಬಲ ಬರಲೆಂದು ಬಂದ ಆ ಕ್ರಮ ಕಿವಿಗೂ ಹಿತವಾದುದು, ಮನೆಯ ಸಾಧನೆಗೆ ಅದನ್ನೇ ಇಟ್ಟುಕೊಳ್ಳಲಿ.

ಉತ್ತರ: ಮೈಕ್ ಕೆಲಸದವ, ಮಂಜೇಶ್ವರ

ಪ್ಲಗ್ ಕೊಳ್ಳುವ ಮೊದಲು ಕುಳಿತುಕೊಳ್ಳುವ ಜಾಗವನ್ನು ಯೋಚಿಸಬೇಕೆಂದು ನನ್ನ ಅಭಿಪ್ರಾಯ. ಬಯಲಿನಲ್ಲಿ, ಒಂದೇ ಮೂಲದಿಂದ ಬರುವ ಸದ್ದು ದೂರ ಇಮ್ಮಡಿಯಾದಾಗ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಬಾಕ್ಸ್‌ನಿಂದ 3 ಮೀಟರ್ ದೂರದಲ್ಲಿದ್ದವರು 6 ಮೀಟರಿಗೆ ಸರಿದರೆ, ಡಾಕ್ಟ್ರಕ್ಕ ಕೊಟ್ಟ ಲೆಕ್ಕದಂತೆಯೇ ಕೇಳಬಹುದಾದ ಸಮಯ ನಾಲ್ಕು ಪಟ್ಟು ಹೆಚ್ಚುತ್ತದೆ, ಒಂದು ಪೈಸೆಯ ಖರ್ಚೂ ಇಲ್ಲ. ಬದಿಯಡ್ಕದವರು ಹೇಳಿದ ರಂಗಸ್ಥಳದ ಬದಿಯ ಜಾಗದಲ್ಲಿ ಎರಡು ಸದ್ದುಗಳು ಸೇರುತ್ತವೆ: ಚೆಂಡೆಯ ನೇರ ಸದ್ದು, ಮತ್ತು ಬದಿಯಲ್ಲೇ ನಿಲ್ಲಿಸಿರುವ ನಮ್ಮ ಬಾಕ್ಸ್‌ನ ಸದ್ದು. ಹಿಮ್ಮೇಳವನ್ನು ಚೆನ್ನಾಗಿ ಕೇಳಬೇಕೆನ್ನುವವರಿಗೆ ನಾನು ಹೇಳುವ ಜಾಗ, ಎರಡು ಬಾಕ್ಸ್‌ಗಳಿಂದಲೂ ಸಮದೂರದಲ್ಲಿ, ಮಿಕ್ಸರ್ ಇಟ್ಟು ನಾವು ಕುಳಿತಿರುವಲ್ಲಿಗೆ ಹತ್ತಿರ. ನಾವು ಸದ್ದನ್ನು ಹದ ಮಾಡುವುದು ಅಲ್ಲಿನ ಕಿವಿಗೆ. ಭಾಗವತರ ಪದ್ಯ ಅತ್ಯಂತ ಸ್ಪಷ್ಟವಾಗಿ ಕೇಳುವುದೂ ಅಲ್ಲಿಯೇ.

ಗಾನಮೇಳದಲ್ಲಿ ನೆಲದ ಮೇಲಿಡುವ ದೊಡ್ಡ ಬೇಸ್ ಬಾಕ್ಸ್‌ಗಳ ಎದುರು ಎದೆ ನಡುಗಲಿ ಎಂದು ಹುಡುಗರು ನಿಲ್ಲುತ್ತಾರೆ. ಅಲ್ಲಿಗೆ ಯಾವ ಫಿಲ್ಟರ್ ಪ್ಲಗ್ ಇದ್ದರೂ ಸಾಲದು, ಸ್ಪಂಜನ್ನೇ ಆಳವಾಗಿ ಹಾಕಬೇಕು. ಬೇಕಲದ ಕಡಲತೀರದಲ್ಲಿ ನಡೆಯುವಂಥ ದೊಡ್ಡ ಕಾರ್ಯಕ್ರಮಗಳಲ್ಲಿ ಗೋಡೆ, ಮಾಡುಗಳಿಂದ ಮರಳುವ ಸದ್ದಿಲ್ಲದ ಕಾರಣ, ಜನ ಹಿಂದೆ ಸರಿದಷ್ಟೂ ಕಿವಿಗೆ ಒಳ್ಳೆಯದು. ಊರ ಸಭಾಭವನದೊಳಗಿನ ಗಾನಮೇಳದಲ್ಲಿ ಹಿಂದೆ ಹೋದರೂ ಅಷ್ಟು ಲಾಭವಿಲ್ಲ.

ಸದ್ದನ್ನು ಅಳೆಯಲು ಮೊಬೈಲ್ ಆ್ಯಪ್ ಬಳಸುವವರಿಗೆ ಒಂದು ಮಾತು. ನಿಯೋಶ್ ಸಂಸ್ಥೆಯೇ ಮಾಡಿರುವ ಉಚಿತ ಆ್ಯಪ್ ಐಫೋನ್‌ಗೆ ಮಾತ್ರ ಇದೆ, ಅದು ಸಾಕಷ್ಟು ನಂಬಿಕೆಗೆ ಯೋಗ್ಯ. ಬೇರೆ ಫೋನ್‌ಗಳಲ್ಲಿ ಮೈಕ್ ಒಂದೊಂದು ಮಾದರಿಗೆ ಒಂದೊಂದು ತರಹ ಇರುವುದರಿಂದ, ತೋರಿಸುವ ಸಂಖ್ಯೆಯನ್ನು ಅಂದಾಜೆಂದೇ ತಿಳಿಯಬೇಕು. ಆ್ಯಪ್ ಇಲ್ಲದಿದ್ದರೂ ತೊಂದರೆಯಿಲ್ಲ; ಒಂದು ತೋಳಿನಷ್ಟು ದೂರದಲ್ಲಿರುವವರೊಡನೆ ಮಾತನಾಡಲು ಸ್ವರ ಎತ್ತಬೇಕಾಗಿ ಬಂದರೆ, ಅಲ್ಲಿ ಸದ್ದು 85ರ ಮಿತಿಯನ್ನು ದಾಟಿರುವ ಸಾಧ್ಯತೆ ಹೆಚ್ಚು.

ಕೊನೆಗೆ ಸಂಘಟಕರಿಗೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆಂದು ಹೊರಡಿಸಿದ ಮಾನದಂಡದಲ್ಲಿ, ಪ್ರೇಕ್ಷಕರ ಜಾಗದಲ್ಲಿ 15 ನಿಮಿಷಗಳ ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದು, ಬಂದವರಿಗೆ ಇಯರ್‌ಪ್ಲಗ್ ಸಿಗುವಂತಿರಬೇಕು, ಕಿವಿಗೆ ವಿಶ್ರಾಂತಿ ಕೊಡಲು ಸದ್ದು ಕಡಿಮೆಯಿರುವ ಜಾಗವಿರಬೇಕು ಎಂದಿದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು ನಿರ್ಬಂಧಿಸುತ್ತವೆ, ಆದರೆ ಆ ನಿಯಮಗಳ ಉದ್ದೇಶ ಮುಖ್ಯವಾಗಿ ಸುತ್ತಲಿನ ಮನೆಗಳವರ ನೆಮ್ಮದಿ. ಮುಂದಿನ ಸಾಲಿನಲ್ಲಿ ಕುಳಿತವರ ಕಿವಿಯ ಜವಾಬ್ದಾರಿಯನ್ನು ಸಮಿತಿಯವರೇ ವಹಿಸಿಕೊಳ್ಳಬೇಕಾಗುತ್ತದೆ. ಸೇವೆಯ ರಶೀದಿ ಬರೆಯುವ ಮೇಜಿನ ಮೇಲೆ ಸ್ಪಂಜಿನ ಪ್ಲಗ್‌ಗಳ ಒಂದು ಡಬ್ಬಿ ಇಡಲು ಹೂವಿನ ಅಲಂಕಾರದ ಖರ್ಚಿನ ಸಣ್ಣ ಪಾಲು ಸಾಕು.

ಉತ್ತರ: ಮುಳ್ಳೇರಿಯದ ತಾಯಿ

ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಣ್ಣ ಮಕ್ಕಳ ಕಿವಿಗೆ ಪ್ಲಗ್ ಹಾಕಬಾರದು. ನಾಳ ಕಿರಿದು, ಸರಿಯಾಗಿ ಕೂರುವುದಿಲ್ಲ, ತೆಗೆದು ಬಾಯಿಗೆ ಹಾಕಿಕೊಳ್ಳುವ ಭಯವೂ ಇದೆ. ಅವರಿಗೆ ತಲೆಯ ಮೇಲಿನಿಂದ ಬರುವ ಕಿವಿಮುಚ್ಚುಗೆ, ಅಂದರೆ ಇಯರ್‌ಮಫ್ ಸರಿ. ಮಕ್ಕಳ ಅಳತೆಯದನ್ನೇ ಕೊಳ್ಳಬೇಕು. ದೊಡ್ಡವರದನ್ನು ಬಿಗಿಮಾಡಿ ಹಾಕಿದರೆ ಕೆನ್ನೆಯ ಬಳಿ ಸಂದು ಉಳಿಯುತ್ತದೆ. ಕೂದಲನ್ನೂ ಓಲೆಯನ್ನೂ ಮೆತ್ತೆಯ ಅಡಿಗೆ ಸಿಕ್ಕದಂತೆ ಸರಿಸಬೇಕು. ನನ್ನ ಮಗನಿಗೆ ಮನೆಯಲ್ಲಿ ಟಿವಿ ನೋಡುವಾಗ ತಮಾಷೆಗೆಂದು ಹಾಕಿ ರೂಢಿಮಾಡಿದ ಮೇಲೆ ಜಾತ್ರೆಯಲ್ಲಿ ಅವನು ಕಿತ್ತೆಸೆಯಲಿಲ್ಲ.

ಮಗು ಆ ಸದ್ದಿನಲ್ಲೂ ಮಡಿಲಲ್ಲಿ ನಿದ್ದೆಹೋಯಿತೆಂದರೆ ಸದ್ದು ಅದಕ್ಕೆ ಏನೂ ಮಾಡುತ್ತಿಲ್ಲವೆಂದು ಅರ್ಥವಲ್ಲ. ನಿದ್ದೆಯಲ್ಲಿಯೂ ಕಿವಿ ತೆರೆದೇ ಇರುತ್ತದೆ. ಬೆಡಿ (ಸಿಡಿಮದ್ದು) ಇರುವ ಜಾತ್ರೆಗಳಲ್ಲಂತೂ, ಕುಂಬಳೆ ಬೆಡಿಯಂಥ ದೊಡ್ಡದಿರಲಿ, ಸಣ್ಣ ಊರಿನದಿರಲಿ, ಮಫ್ ಹಾಕಿದ್ದರೂ ಮಕ್ಕಳನ್ನು ದೂರವೇ ಇಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಸಿಡಿಯುವ ಸದ್ದಿನ ಗರಿಷ್ಠ ಮಿತಿಯನ್ನು ದೊಡ್ಡವರಿಗೆ 140 ಡೆಸಿಬಲ್ ಎಂದೂ ಮಕ್ಕಳಿಗೆ 120 ಎಂದೂ ಬೇರೆಬೇರೆಯಾಗಿ ಹೇಳಿದೆ. ಅಜ್ಜ-ಅಜ್ಜಿಯರಿಗೆ ಈ ವ್ಯತ್ಯಾಸವನ್ನು ಸಮಾಧಾನದಿಂದ ತಿಳಿಸಿದರೆ ಅವರೇ ಮಗುವನ್ನು ಎತ್ತಿಕೊಂಡು ದೇವಸ್ಥಾನದ ಆಚೆಯ ಬದಿಗೆ ಹೋಗುತ್ತಾರೆ.

ಮರುಪ್ರಶ್ನೆ: ಬದಿಯಡ್ಕದ ಕೇಳುಗ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನನಗೂ ಮಗಳಿಗೂ ಸಿದ್ಧ ಫಿಲ್ಟರ್ ಪ್ಲಗ್‌ಗಳನ್ನು ತರಿಸುವುದೆಂದು ತೀರ್ಮಾನಿಸಿದ್ದೇನೆ. ಅವಳು ಕಲಿಕೆಯಲ್ಲಿ ಮುಂದುವರಿದರೆ ಅಚ್ಚು ತೆಗೆಸೋಣ. ಮಿಕ್ಸರ್ ಬಳಿಯ ಜಾಗವನ್ನೂ ಈ ಸಲ ನೋಡುತ್ತೇನೆ. ಇನ್ನೆರಡು ಸಂದೇಹಗಳಿವೆ. ನಮ್ಮ ಕಡೆಯ ಸೆಕೆ, ಬೆವರು, ತೇವದಲ್ಲಿ ಪದೇಪದೇ ಪ್ಲಗ್ ಹಾಕಿಕೊಂಡರೆ ಕಿವಿಗೆ ಸೋಂಕು ತಗಲುವುದಿಲ್ಲವೇ? ಮತ್ತು ಈಗ ಇರುವ ಈ ಸೀಟಿಯ ಸದ್ದಿಗೆ ಪರೀಕ್ಷೆ ಮಾಡಿಸಬೇಕೇ, ಮಾಡಿಸುವುದಾದರೆ ಯಾವಾಗ?

ಉತ್ತರ: ಪೆರ್ಲ ಮೂಲದ ಶ್ರವಣತಜ್ಞೆ, ಮಂಗಳೂರು

ಸೋಂಕಿನ ಬಗ್ಗೆ ಕೇಳಿದ್ದು ಸರಿಯಾಗಿದೆ, ಕರಾವಳಿಯ ತೇವದಲ್ಲಿ ಕಿವಿಯೊಳಗೆ ಶಿಲೀಂಧ್ರ ಬೆಳೆಯುವುದು ಸಾಮಾನ್ಯ. ಸ್ಪಂಜಿನ ಪ್ಲಗ್ ಕೊಳೆಯಾದ ಕೂಡಲೇ ಅಥವಾ ಮೊದಲಿನಂತೆ ಉಬ್ಬದಿದ್ದರೆ ಎಸೆದುಬಿಡಬೇಕು. ಅದನ್ನು ತೊಳೆದು ಬಳಸುವಂತಿಲ್ಲ. ಫಿಲ್ಟರ್ ಪ್ಲಗ್‌ನಿಂದ ಫಿಲ್ಟರನ್ನು ಬಿಡಿಸಿಟ್ಟು, ಸಿಲಿಕೋನ್ ಭಾಗವನ್ನು ಮಾತ್ರ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಡಬ್ಬಿಗೆ ಹಾಕಿ. ಬಿಡಿಸಲು ಬಾರದ ಮಾದರಿಯಾದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಸ್ನಾನ ಮುಗಿಸಿದ ತಕ್ಷಣ ಒದ್ದೆ ಕಿವಿಗೆ ಹಾಕಬೇಡಿ. ಕಿವಿ ಸೋರುತ್ತಿದ್ದರೆ, ತುರಿಕೆ ಅಥವಾ ನೋವಿದ್ದರೆ, ಮೊದಲು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಪ್ಲಗ್ ಬದಲು ಮಫ್ ಬಳಸಿ. ಗುಗ್ಗೆ ಹೆಚ್ಚಿದ್ದರೂ ಪ್ಲಗ್ ಅದನ್ನು ಒಳಕ್ಕೆ ತಳ್ಳುತ್ತದೆ. ಕಡ್ಡಿ ಹಾಕಿ ತೆಗೆಯಲು ಹೋಗದೆ ವೈದ್ಯರಿಂದಲೇ ತೆಗೆಸಿ.

ಪರೀಕ್ಷೆಯನ್ನು ಖಂಡಿತ ಮಾಡಿಸಿ, ತಿರುಗಾಟ ಆರಂಭವಾಗುವ ಮೊದಲೇ ಮಾಡಿಸಿ. ಆಗ ಬರುವ ಆಡಿಯೋಗ್ರಾಮ್, ಅಂದರೆ ಶ್ರವಣಪರೀಕ್ಷೆಯ ನಕ್ಷೆ, ಮುಂದಿನ ವರ್ಷಗಳಿಗೆ ಹೋಲಿಕೆಯ ಆಧಾರವಾಗುತ್ತದೆ. ಸದ್ದಿನಿಂದ ಆದ ಹಾನಿ ಮೊದಲು ಕಾಣಿಸಿಕೊಳ್ಳುವುದು 3,000ದಿಂದ 6,000 ಹರ್ಟ್ಸ್ ನಡುವೆ, ಬಹಳ ಸಲ 4,000 ಹರ್ಟ್ಸ್ ಬಳಿ ತಗ್ಗಿನ ರೂಪದಲ್ಲಿ. ಹಾಗಾಗಿ 3,000 ಮತ್ತು 6,000 ಹರ್ಟ್ಸ್‌ಗಳನ್ನೂ ಪರೀಕ್ಷಿಸಿ ಎಂದು ನೀವಾಗಿಯೇ ಕೇಳಿ, ಕೆಲವು ಕಡೆ ಅವನ್ನು ಬಿಟ್ಟುಬಿಡುವುದುಂಟು. ಮಗಳದೂ ಒಂದು ಆಗಲಿ. ಇನ್ನು ಮುಂದೆ ಎಂದಾದರೂ ಆಟದ ನಂತರದ ಮೊರೆತ ಎರಡು ದಿನ ಕಳೆದರೂ ನಿಲ್ಲದಿದ್ದರೆ, ಅಥವಾ ಒಂದು ಕಿವಿ ಒಮ್ಮೆಲೇ ಮಂದವಾದರೆ, ಮುಂದಿನ ವಾರ ನೋಡೋಣವೆಂದು ತಡಮಾಡದೆ ಅದೇ ದಿನ ವೈದ್ಯರನ್ನು ಕಾಣಿರಿ. ಹಠಾತ್ತಾಗಿ ಹೋದ ಶ್ರವಣಕ್ಕೆ ಕೊಡುವ ಔಷಧ ಬೇಗ ಕೊಟ್ಟಷ್ಟೂ ಫಲಕಾರಿ. ಆಡಿಯೋಗ್ರಾಮಿಗೆ ಬರುವ ಹಿಂದಿನ ದಿನ ಮಗಳು ಚೆಂಡೆ ತರಗತಿಗೆ ಹೋಗುವುದು ಬೇಡ, ನೀವೂ ದೊಡ್ಡ ಸದ್ದಿನ ಜಾಗಕ್ಕೆ ಹೋಗಬೇಡಿ. ಪರೀಕ್ಷೆಗೆ ಮೊದಲು ಕಿವಿಗೆ ಕನಿಷ್ಠ 14 ಗಂಟೆಗಳ ವಿಶ್ರಾಂತಿ ಸಿಕ್ಕಿರಬೇಕು.